ಮೂರು ತಿಂಗಳಲ್ಲಿ ಫಿಜಿಗೆ ಹೊರಟಿದ್ದೇವೆ, ನಾಯಿ-ಬೆಕ್ಕನ್ನು ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ಯಜಮಾನರಿಗೆ ಫಿಜಿಯ ಸುವಾದಲ್ಲಿ ಕಾಲೇಜು ಮೇಷ್ಟರ ಕೆಲಸ ಸಿಕ್ಕಿದೆ. ಮೂರು ವರ್ಷದ ಒಪ್ಪಂದ. ಇನ್ನು ಮೂರು ತಿಂಗಳಲ್ಲಿ ಮೈಸೂರು ಬಿಡಬೇಕು. ಮನೆಯಲ್ಲಿ ಹತ್ತು ವರ್ಷದ ಲ್ಯಾಬ್ರಡಾರ್ ರಾಜ ಇದ್ದಾನೆ. ಬೀದಿಯಿಂದ ತಂದು ಸಾಕಿದ ಮೂರು ವರ್ಷದ ಬೆಕ್ಕು ಕೆಂಚಿ, ಜೊತೆಗೆ ಒಂದು ಹಸಿರು ಗಿಣಿಯೂ ಇದೆ. ಏಜೆಂಟರೊಬ್ಬರು ‘ಎರಡು ತಿಂಗಳಲ್ಲಿ ಎಲ್ಲ ಪೇಪರ್ ಮಾಡಿಸಿ ಕಳಿಸಿಕೊಡ್ತೀವಿ’ ಎಂದಿದ್ದಾರೆ. ಅತ್ತೆ-ಮಾವ ರಾಜನನ್ನು ನಾವೇ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಮಗಳಿಗೆ ಹನ್ನೆರಡು ವರ್ಷ, ಅವಳು ಸುತರಾಂ ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಆ ಏಜೆಂಟರಿಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದುಕೊಳ್ಳುತ್ತೇನೆ. ಕೊಡಬೇಡಿ. ಬೇರೆ ದೇಶಗಳಿಗೆ ನಾಯಿ ಕಳಿಸಿ ಅಭ್ಯಾಸ ಇರುವವರು ಫಿಜಿಯನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಪೆಸಿಫಿಕ್ ದ್ವೀಪಗಳ ಲೆಕ್ಕವೇ ಬೇರೆ. ಅಲ್ಲಿ ದುಡ್ಡು ಜಾಸ್ತಿ ಸುರಿದರೆ ಕೆಲಸ ಬೇಗ ಆಗುವುದಿಲ್ಲ. ಕಾಯಬೇಕು, ಅದೂ ತಿಂಗಳುಗಟ್ಟಲೆ. ಹತ್ತು ವರ್ಷದ ನಾಯಿಯ ಹತ್ತಿರ ಇಲ್ಲದೇ ಇರುವುದು ಆ ಸಮಯವೊಂದೇ.

ಇಷ್ಟೊಂದು ಕಾಯಿಸುವುದು ಯಾಕೆ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಕಾರಣ ರೇಬೀಸ್. ಫಿಜಿಯಲ್ಲಿ ಹುಚ್ಚುನಾಯಿ ರೋಗ ಇಲ್ಲ. ಟೋಂಗಾ, ಸಮೋವಾ, ವನುವಾಟುಗಳಲ್ಲೂ ಇಲ್ಲ. ನಮ್ಮಲ್ಲಿ ಹೇಗಿದೆ ನೋಡಿ. ಜಗತ್ತಿನಲ್ಲಿ ರೇಬೀಸಿನಿಂದ ಸಾಯುವವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಭಾರತದವರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಚ್ಚಿಸಿಕೊಂಡ ನಾಯಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಏನೂ ಆಗದ ಹಾಗೆ ಉಂಡು ಆಡಿಕೊಂಡು ಇರುತ್ತದೆ. ವಿಮಾನ ಇಳಿದ ದಿನ ಅದನ್ನು ನೋಡಿ ರೋಗ ಇದೆಯೋ ಇಲ್ಲವೋ ಹೇಳಲು ಯಾವ ವೈದ್ಯರಿಗೂ ಆಗುವುದಿಲ್ಲ. ಹಾಗಾಗಿ ಕಾಯಿಸುತ್ತಾರೆ.

ಬೇಜವಾಬ್ದಾರಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಆ ಕಡೆಯವರ ಕಣ್ಣೆದುರೇ ಉದಾಹರಣೆಗಳಿವೆ. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ 1997ರ ತನಕ ರೇಬೀಸ್ ಇರಲಿಲ್ಲ. ಸುಲವೇಸಿ ಕಡೆಯಿಂದ ಮೀನುಗಾರರ ದೋಣಿಯಲ್ಲಿ ಬಂದ ನಾಯಿಗಳ ಜೊತೆ ರೋಗವೂ ಇಳಿಯಿತು. ಮುಂದಿನ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ನಾಯಿಗಳನ್ನು ಕೊಂದರು. 2008ರಲ್ಲಿ ಬಾಲಿಗೆ ಬಂತು. 2024ರಲ್ಲಿ ಟಿಮೋರ್-ಲೆಸ್ಟೆಗೂ ಬಂತು. ಒಂದು ಸಣ್ಣ ದ್ವೀಪಕ್ಕೆ ಒಂದು ನಾಯಿ ಸಾಕು.

ಹೊರಗಿನಿಂದ ಬಂದ ಪ್ರಾಣಿಗಳಿಂದ ಫಿಜಿ ಬೇರೆ ರೀತಿಯಲ್ಲೂ ಪೆಟ್ಟು ತಿಂದಿದೆ. ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಅಂತ 1883ರಲ್ಲಿ ಅಲ್ಲಿಗೆ ಮುಂಗುಸಿ ತಂದು ಬಿಟ್ಟರು. ನಮ್ಮ ಭಾರತದ ಮುಂಗುಸಿಯೇ. ಅದು ಇಲಿ ಬಿಟ್ಟು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳನ್ನು ತಿಂದು ಮುಗಿಸಿತು. 1936ರಲ್ಲಿ ಹುಳ ತಿನ್ನಲಿ ಅಂತ ಕೇನ್ ಟೋಡ್ ಎಂಬ ದೊಡ್ಡ ವಿಷದ ಕಪ್ಪೆ ತಂದರು. ಅದು ಇವತ್ತು ಮನೆ ಮನೆಯ ಅಂಗಳದಲ್ಲಿದೆ. 2000ದ ಹೊತ್ತಿಗೆ ಯಾರೋ ಅಮೆರಿಕದ ಇಗುವಾನಾ ಎಂಬ ದೊಡ್ಡ ಹಲ್ಲಿಯನ್ನು ಫಿಜಿಯ ಕಮೆಯಾ ದ್ವೀಪಕ್ಕೆ ಕದ್ದು ತಂದರು. ಅದೀಗ ಪಕ್ಕದ ದ್ವೀಪಗಳಿಗೂ ಹಬ್ಬಿದೆ. ಇಷ್ಟೆಲ್ಲ ಅನುಭವಿಸಿದ ಅಧಿಕಾರಿ ನಿಮ್ಮ ಫೈಲು ಹಿಡಿದು ‘ಇನ್ನೊಂದು ಪೇಪರ್ ಬೇಕು’ ಅಂದರೆ ಸಿಟ್ಟು ಮಾಡಿಕೊಳ್ಳಬೇಡಿ.

ಈಗ ದಾರಿಯ ವಿಷಯ. ಫಿಜಿಗೆ ಯಾವುದೇ ಪ್ರಾಣಿ ತರಬೇಕಾದರೆ ಬಯೋಸೆಕ್ಯುರಿಟಿ ಅಥಾರಿಟಿ ಆಫ್ ಫಿಜಿ ಎಂಬ ಸರ್ಕಾರಿ ಸಂಸ್ಥೆಯ ಆಮದು ಪರವಾನಗಿ ಬೇಕು. ಪ್ರಾಣಿ ಯಾವ ದೇಶದಿಂದ ಬರುತ್ತದೆ ಅನ್ನುವುದರ ಮೇಲೆ ಷರತ್ತುಗಳು ನಿಂತಿವೆ. ನೀವು ಇವತ್ತೇ ಅವರಿಗೆ ಒಂದು ಈಮೇಲ್ ಹಾಕಿ. ಉದ್ದದ ಕಥೆ ಬೇಡ, ಎರಡು ಪ್ರಶ್ನೆ ಸಾಕು. ಭಾರತದಲ್ಲೇ ಹುಟ್ಟಿ ಬೆಳೆದ ನಾಯಿ ಮತ್ತು ಬೆಕ್ಕು ಯಾವ ದೇಶದಲ್ಲಿ ಎಷ್ಟು ಕಾಲ ಇದ್ದ ಮೇಲೆ ಫಿಜಿಗೆ ಬರಬಹುದು? ಆ ದೇಶದಿಂದ ನಾಂದಿ ವಿಮಾನ ನಿಲ್ದಾಣಕ್ಕೆ ನೇರವಾಗಿ ತರಬಹುದೇ? ಅವರ ಬರಹದ ಉತ್ತರ ಕೈಗೆ ಬರುವ ತನಕ ಟಿಕೆಟ್ ಬೇಡ, ಕ್ರೇಟ್ ಬೇಡ, ಏಜೆಂಟ್ ಬೇಡ. ಏಜೆಂಟರು ಬಾಯಲ್ಲಿ ಹೇಳಿದ ಷರತ್ತಿಗೆ ನಾಂದಿಯಲ್ಲಿ ಮೂರು ಕಾಸಿನ ಬೆಲೆಯೂ ಇಲ್ಲ.

ಮೈಸೂರಿನಿಂದ ಸೀದಾ ಸುವಾಕ್ಕೆ ಎಂದು ಮಾತ್ರ ಯೋಜನೆ ಹಾಕಬೇಡಿ. ಫಿಜಿಗೆ ಪ್ರಾಣಿಗಳು ಹೋಗುವ ರೂಢಿಯ ದಾರಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಮೂಲಕ. ಈ ಎರಡೂ ದೇಶಗಳು ಭಾರತದ ನಾಯಿ-ಬೆಕ್ಕನ್ನು ನೇರವಾಗಿ ಒಳಗೆ ಬಿಡುವುದಿಲ್ಲ. ಅವರು ಒಪ್ಪಿದ ಇನ್ನೊಂದು ದೇಶದಲ್ಲಿ ಮೊದಲು ಸುಮಾರು ಆರು ತಿಂಗಳು ಇರಬೇಕು. ಸಿಂಗಾಪುರ, ಯುಎಇ ಅಂಥ ಪಟ್ಟಿಯಲ್ಲಿವೆ. ಆಮೇಲೆ ಆಸ್ಟ್ರೇಲಿಯಾ ಆದರೆ ಮೆಲ್ಬರ್ನ್ ಹತ್ತಿರದ ಮಿಕಲ್‌ಹ್ಯಾಮ್ ಕೇಂದ್ರದಲ್ಲಿ ಕಡಿಮೆ ಅಂದರೂ 10 ದಿನ ಕ್ವಾರಂಟೈನ್. ನ್ಯೂಜಿಲೆಂಡಿನಲ್ಲೂ ಕನಿಷ್ಠ 10 ದಿನ. ಅಲ್ಲಿಂದ ಮುಂದೆ ಫಿಜಿ. ಸಿಂಗಾಪುರದಿಂದ ನಾಂದಿಗೆ ನೇರ ವಿಮಾನ ಇದೆ, ಅದಕ್ಕೇ ನೇರ ದಾರಿಯ ಪ್ರಶ್ನೆ ಕೇಳಿ ಅಂದದ್ದು. ಒಪ್ಪಿದರೆ ಒಂದು ಕ್ವಾರಂಟೈನ್ ಉಳಿಯಬಹುದು.

ಆ ಆರು ತಿಂಗಳು ಪ್ರಾಣಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಏಜೆಂಟರು ಈ ವಿಷಯ ಎತ್ತುವುದೇ ಇಲ್ಲ. ದುಬೈಯಲ್ಲೋ ಸಿಂಗಾಪುರದಲ್ಲೋ ಅಕ್ಕನೋ ಭಾವನೋ ಇದ್ದು, ಅವರ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಲು ಬಿಡುತ್ತಾರೆ ಅಂದರೆ ಒಂದು ಮಾತು. ಇಲ್ಲದಿದ್ದರೆ ದುಡ್ಡು ಕೊಟ್ಟು ಬೋರ್ಡಿಂಗ್‌ನಲ್ಲಿ ಬಿಡಬೇಕು. ಅದು ಆರು ತಿಂಗಳಿಗೆ ಲಕ್ಷಗಳ ಲೆಕ್ಕ. ಅದಕ್ಕಿಂತ ಹೆಚ್ಚಾಗಿ, ರಾಜನಂಥ ಮನೆ ನಾಯಿ ಆರು ತಿಂಗಳು ಗುರುತಿಲ್ಲದವರ ನಡುವೆ ಬೋನಿನಲ್ಲಿ ಕೂರಬೇಕು.

ತಯಾರಿಯಲ್ಲಿ ಕ್ರಮ ತಪ್ಪಿದರೆ ಎಲ್ಲ ಮತ್ತೆ ಮೊದಲಿನಿಂದ. ಮೊದಲು ಮೈಕ್ರೋಚಿಪ್, ಅಂದರೆ ಚರ್ಮದಡಿ ಕೂರಿಸುವ ಗುರುತಿನ ಚಿಪ್, 15 ಅಂಕಿಯ ಐಎಸ್‌ಒ ಮಾದರಿಯದು. ಅದಾದ ಮೇಲೆ ರೇಬೀಸ್ ಲಸಿಕೆ. ಚಿಪ್ ಹಾಕುವ ಮುಂಚೆ ಕೊಟ್ಟ ಇಂಜೆಕ್ಷನ್ ಈ ಲೆಕ್ಕಕ್ಕೆ ಸೇರುವುದಿಲ್ಲ, ಯಾಕೆಂದರೆ ಅದು ಇದೇ ನಾಯಿಗೆ ಕೊಟ್ಟದ್ದು ಅಂತ ಸಾಬೀತು ಮಾಡಲು ಏನೂ ಇಲ್ಲ. ವರ್ಷ ವರ್ಷ ತಪ್ಪದೆ ಲಸಿಕೆ ಹಾಕಿಸಿದವರಿಗೆ ಇದು ತುಂಬಾ ಬೇಜಾರಿನ ಸಂಗತಿ, ಆದರೂ ನಿಯಮ ಅದೇ. ಲಸಿಕೆಯಾಗಿ ಮೂರು-ನಾಲ್ಕು ವಾರ ಬಿಟ್ಟು ರಕ್ತ ತೆಗೆದು ಟೈಟರ್ ಪರೀಕ್ಷೆಗೆ, ಅಂದರೆ ಲಸಿಕೆ ಎಷ್ಟು ಹಿಡಿದಿದೆ ಎಂದು ಅಳೆಯುವ ಪರೀಕ್ಷೆಗೆ ಕಳಿಸಬೇಕು. ಮಿಲಿಲೀಟರಿಗೆ 0.5 ಐಯು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಪಾಸು. ರೇಬೀಸಿಗೆ ಅಂತರರಾಷ್ಟ್ರೀಯ ಮನ್ನಣೆಯ ಪ್ರಯೋಗಾಲಯ ನಮ್ಮ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲೇ ಇದೆ. ಆದರೆ ನೀವು ಹೋಗುವ ದಾರಿಯ ದೇಶ ಯಾವ ಪ್ರಯೋಗಾಲಯದ ವರದಿ ಒಪ್ಪುತ್ತದೆ, ರಕ್ತವನ್ನು ಯಾವ ದೇಶದಲ್ಲಿ ತೆಗೆಯಬೇಕು ಅನ್ನುತ್ತದೆ, ಇವೆರಡನ್ನೂ ಕೇಳಿಕೊಂಡೇ ಸೂಜಿ ಚುಚ್ಚಿಸಿ. ಆಸ್ಟ್ರೇಲಿಯಾದ 180 ದಿನದ ಗಡಿಯಾರ ಶುರುವಾಗುವುದು ಆ ಸ್ಯಾಂಪಲ್ ಲ್ಯಾಬಿಗೆ ತಲುಪಿದ ಮೇಲೆ.

ರೇಬೀಸ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಮ್ಮ ಊರಿನ ನಾಯಿಗಳಿಗೆ ನಿಜವಾಗಿ ಅಡ್ಡ ಬರುವುದು ಮೈಗೆ ಅಂಟಿ ರಕ್ತ ಹೀರುವ ಉಣ್ಣೆ. ಮೈಸೂರು, ಬೆಂಗಳೂರಿನಲ್ಲಿ ಉಣ್ಣೆ ಜ್ವರ ಬಾರದ ನಾಯಿ ಹುಡುಕುವುದೇ ಕಷ್ಟ. ಎರ್ಲೀಷಿಯಾ, ಬಬೀಸಿಯಾ ಅಂತ ನಿಮ್ಮ ಡಾಕ್ಟರು ಚೀಟಿಯಲ್ಲಿ ಬರೆದಿರಬಹುದು, ಹಳೆಯ ಫೈಲು ತೆಗೆದು ನೋಡಿ. ಆಸ್ಟ್ರೇಲಿಯಾ ಎರ್ಲೀಷಿಯಾ ಪರೀಕ್ಷೆ ಕೇಳುತ್ತದೆ. ನ್ಯೂಜಿಲೆಂಡ್ ಬಬೀಸಿಯಾ ಗಿಬ್ಸೋನಿ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಜ್ವರ ವಾಸಿಯಾಗಿ ನಾಯಿ ಗಟ್ಟಿಮುಟ್ಟಾಗಿದ್ದರೂ ರಕ್ತದಲ್ಲಿ ಅದರ ಗುರುತು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಪರೀಕ್ಷೆಗೆ ಬೇಕಾದ್ದು ಆ ಗುರುತು, ನಾಯಿಯ ಉತ್ಸಾಹ ಅಲ್ಲ. ದುಬೈಯಲ್ಲಿ ಆರು ತಿಂಗಳು ಇಟ್ಟು, ಕೊನೆಗೆ ಈ ಒಂದು ವರದಿ ಪಾಸಿಟಿವ್ ಬಂತು ಅಂತಿಟ್ಟುಕೊಳ್ಳಿ. ಆಗ ನಾಯಿಗೆ ಮುಂದೆಯೂ ದಾರಿ ಇಲ್ಲ, ಹಿಂದೆ ಬರುವುದೂ ಸುಲಭ ಇಲ್ಲ. ಆದ್ದರಿಂದ ಬೇರೆ ಏನೂ ಮಾಡುವ ಮೊದಲು ಇಲ್ಲೇ, ನಿಮ್ಮ ಖರ್ಚಿನಲ್ಲೇ, ಈ ಎರಡು ರಕ್ತಪರೀಕ್ಷೆ ಮಾಡಿಸಿ. ಕೆಲವು ಸಾವಿರ ರೂಪಾಯಿಯಲ್ಲಿ ಕೆಲವು ಲಕ್ಷದ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಇಷ್ಟು ಹೇಳಿದ ಮೇಲೆ ರಾಜನ ವಿಷಯಕ್ಕೆ ಬರುತ್ತೇನೆ. ಕರೆದುಕೊಂಡು ಹೋಗಬೇಡಿ.

ಲ್ಯಾಬ್ರಡಾರ್ ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ವರ್ಷ ಬಾಳುತ್ತದೆ. ಚೆನ್ನಾಗಿ ನೋಡಿಕೊಂಡರೆ ಹದಿಮೂರು. ರಾಜನಿಗೆ ಈಗಲೇ ಹತ್ತು. ಎಲ್ಲ ಸರಿಯಾಗಿ ನಡೆದರೂ ಅವನು ಸುವಾ ತಲುಪುವಾಗ ಹನ್ನೊಂದರ ಹತ್ತಿರ ಇರುತ್ತಾನೆ. ಅಷ್ಟರಲ್ಲಿ ನಿಮ್ಮ ಒಪ್ಪಂದದ ಕಾಲು ಭಾಗ ಮುಗಿದಿರುತ್ತದೆ. ಲ್ಯಾಬ್ರಡಾರ್ ಅಂದರೆ ಸೊಂಟದ ಕೀಲು ನೋವು, ತೂಕ, ಕಿವಿ ಸೋಂಕು ಎಲ್ಲ ಈ ವಯಸ್ಸಿನಲ್ಲೇ ಶುರುವಾಗುವುದು. ಸರಕಿನ ಭಾಗದಲ್ಲಿ ಎರಡು-ಮೂರು ವಿಮಾನ, ನಡುವೆ ಹೊಸ ಜಾಗ, ಕ್ವಾರಂಟೈನ್, ಮೂರು ವರ್ಷ ಆದ ಮೇಲೆ ಮತ್ತೆ ವಾಪಸ್. ಇದರಲ್ಲಿ ಅವನಿಗೆ ಸಿಗುವುದೇನು? ನಿಮ್ಮ ಜೊತೆ ಎರಡು ವರ್ಷ. ಅತ್ತೆ-ಮಾವ ಅವನನ್ನು ಬಲ್ಲವರು, ಅವನು ಅವರನ್ನು ಬಲ್ಲ. ಬೀದಿ ಅದೇ, ಡಾಕ್ಟರು ಅವರೇ, ಊಟದ ತಟ್ಟೆಯೂ ಅದೇ. ಮುದಿ ನಾಯಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಾಣುವುದಿಲ್ಲ.

ಮಗಳಿಗೆ ಸುಳ್ಳು ಹೇಳಬೇಡಿ. ‘ಆಮೇಲೆ ಕರೆಸಿಕೊಳ್ಳೋಣ’ ಅನ್ನುವುದು ಎಲ್ಲ ಅಪ್ಪ-ಅಮ್ಮಂದಿರ ಬಾಯಿಗೆ ಮೊದಲು ಬರುವ ಮಾತು. ಹನ್ನೆರಡು ವರ್ಷದ ಹುಡುಗಿಗೆ ಲೆಕ್ಕ ಅರ್ಥ ಆಗುತ್ತದೆ. ಮೇಲೆ ಹೇಳಿದ ತಿಂಗಳುಗಳನ್ನು ಅವಳ ಎದುರು ಒಂದು ಹಾಳೆಯಲ್ಲಿ ಬರೆದು ತೋರಿಸಿ. ಅವಳು ಅತ್ತರೂ ಕೊನೆಗೆ ಒಪ್ಪುತ್ತಾಳೆ ಅಂತ ನನ್ನ ನಂಬಿಕೆ. ಅತ್ತೆ-ಮಾವನ ಕೈಗೆ ರಾಜನ ಔಷಧಿ ಪಟ್ಟಿ, ಚಿಕಿತ್ಸೆಯ ಖರ್ಚಿಗೆ ಬೇರೆ ದುಡ್ಡು, ಬೇಕೆಂದಾಗ ಮನೆಗೆ ಬರುವ ಒಬ್ಬ ಡಾಕ್ಟರ ನಂಬರು ಕೊಟ್ಟು ಹೋಗಿ. ವಯಸ್ಸಾದವರು ಮೂವತ್ತು ಕಿಲೋ ನಾಯಿಯನ್ನು ಎತ್ತಿ ಆಟೋಗೆ ಹಾಕಲು ಆಗುವುದಿಲ್ಲ, ಅದಕ್ಕೂ ಒಬ್ಬರನ್ನು ಗೊತ್ತು ಮಾಡಿ.

ಕೆಂಚಿ ಬೇರೆ ಪ್ರಶ್ನೆ. ಮೂರು ವರ್ಷದ ಬೆಕ್ಕು, ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಆಯಸ್ಸಿದೆ. ಉಣ್ಣೆ ಜ್ವರದ ತಲೆನೋವು ಬೆಕ್ಕಿಗೆ ನಾಯಿಯಷ್ಟಿಲ್ಲ. ಸಣ್ಣ ಕ್ರೇಟ್ ಸಾಕು, ಸರಕಿನ ಬಾಡಿಗೆಯೂ ಕಡಿಮೆ. ಮಧ್ಯದ ದೇಶದಲ್ಲಿ ಆರು ತಿಂಗಳು ಇಟ್ಟುಕೊಳ್ಳುವ ನಂಟರು ಸಿಕ್ಕರೆ ಪ್ರಯತ್ನ ಮಾಡಬಹುದು. ಸಿಗದಿದ್ದರೆ ಅವಳನ್ನೂ ಇಲ್ಲೇ ಬಿಡಿ. ಬೆಕ್ಕಿಗೆ ಮನುಷ್ಯರಿಗಿಂತ ಮನೆ ಮುಖ್ಯ ಅನ್ನುವ ಹಳೇ ಮಾತು ಪೂರ್ತಿ ನಿಜ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಕರೆದುಕೊಂಡು ಹೋದರೆ ಒಂದು ಷರತ್ತು. ಇಲ್ಲೇ ಸಂತಾನಹರಣ ಮಾಡಿಸಿ, ಅಲ್ಲಿ ಅವಳನ್ನು ಮನೆಯೊಳಗೇ ಸಾಕಿ. ಫಿಜಿಯದೇ ಆದ ಇಗುವಾನಾಗಳು, ನೆಲದಲ್ಲಿ ಗೂಡು ಮಾಡುವ ಕಡಲಹಕ್ಕಿಗಳು ಬೆಕ್ಕನ್ನೇ ಕಾಣದೆ ಬೆಳೆದ ಜೀವಗಳು. ಮುಂಗುಸಿ ಮಾಡಿದ ಕೆಲಸವನ್ನೇ ಬೆಕ್ಕೂ ಅಲ್ಲಿ ಮಾಡುತ್ತಿದೆ.

ಹಾರಾಟದ ಬಗ್ಗೆ ಸ್ವಲ್ಪ. ಭಾರತದಿಂದ ಫಿಜಿಗೆ ನೇರ ವಿಮಾನ ಇಲ್ಲ. ಈ ದಾರಿಯಲ್ಲಿ ಪ್ರಾಣಿ ನಿಮ್ಮ ಕಾಲ ಬುಡದಲ್ಲಿ ಕೂತು ಬರುವುದಿಲ್ಲ, ಕಾರ್ಗೋದಲ್ಲಿ ಬರುತ್ತದೆ. ಕ್ರೇಟ್ ಐಯಾಟಾ (ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ) ನಿಯಮದ ಅಳತೆಯದ್ದಾಗಿರಬೇಕು: ಒಳಗೆ ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಜಾಗ ಇರಬೇಕು. ನೀರಿನ ಬಟ್ಟಲನ್ನು ಬಾಗಿಲು ತೆರೆಯದೆ ಹೊರಗಿನಿಂದ ತುಂಬುವ ಹಾಗಿರಬೇಕು. ಕ್ರೇಟನ್ನು ಹೊರಡುವ ದಿನ ತರಬೇಡಿ, ತಿಂಗಳುಗಳ ಮೊದಲೇ ತಂದು ಹಾಲ್‌ನಲ್ಲಿ ಬಾಗಿಲು ತೆರೆದಿಡಿ. ಊಟ, ನಿದ್ದೆ ಅದರಲ್ಲೇ ಆಗಲಿ. ನಿದ್ದೆ ಮಾತ್ರೆ ಕೊಡಿ ಅಂತ ಕೇಳುವವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಕೊಡುವುದಿಲ್ಲ. ಮಾತ್ರೆಯ ಅಮಲಿನಲ್ಲಿರುವ ಪ್ರಾಣಿಗೆ ಎತ್ತರದಲ್ಲಿ ಉಸಿರಾಟ, ರಕ್ತದೊತ್ತಡ ಏರುಪೇರಾಗುತ್ತದೆ. ವಿಮಾನದವರೂ ಅಂಥದ್ದನ್ನು ಹತ್ತಿಸಿಕೊಳ್ಳುವುದಿಲ್ಲ. ಹೊರಡುವ ಮುಂಚೆ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕೇಂದ್ರದಿಂದ ಆರೋಗ್ಯ ಪ್ರಮಾಣಪತ್ರ ಬೇಕು. ಬೆಂಗಳೂರಿನಲ್ಲೇ ಒಂದು ಕೇಂದ್ರ ಇದೆ. ಸಿಂಗಾಪುರ, ಹಾಂಗ್‌ಕಾಂಗ್ ಕಡೆ ವಿಮಾನ ಬದಲಾಯಿಸುವಾಗ ಆ ಊರಿನ ಅನುಮತಿಯೂ ಬೇಕಾಗುತ್ತದೆಯೇ ಅಂತ ಬುಕಿಂಗ್‌ಗೆ ಮೊದಲು ಕೇಳಿ.

ಸುವಾ ಮಳೆಯೂರು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಸುರಿಯುತ್ತದೆ, ನಮ್ಮ ಮಲೆನಾಡಿನ ಹಾಗೆ. ಆ ತೇವಕ್ಕೆ ಚರ್ಮದ ತುರಿಕೆ, ಕಿವಿ ಸೋಂಕು ಬೇಗ ಬರುತ್ತವೆ. ಇಲಿ ಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್, ಅಲ್ಲಿ ಮನುಷ್ಯರಿಗೂ ದೊಡ್ಡ ಸಮಸ್ಯೆ. 2012ರ ಪ್ರವಾಹದ ಹಿಂದೆಯೇ ದೊಡ್ಡದಾಗಿ ಹಬ್ಬಿ ಜೀವ ತೆಗೆಯಿತು. ಸೊಳ್ಳೆಯಿಂದ ಬರುವ ಹಾರ್ಟ್‌ವರ್ಮ್ ಎಂಬ ಹೃದಯದ ಹುಳಕ್ಕೆ ತಿಂಗಳಿಗೊಂದು ಮಾತ್ರೆ ತಪ್ಪಿಸುವಂತಿಲ್ಲ. ಅಂಗಳದ ಆ ಕೇನ್ ಟೋಡ್ ಇದೆಯಲ್ಲ, ಅದಕ್ಕೆ ಬಾಯಿ ಹಾಕಿದ ನಾಯಿ ಜೊಲ್ಲು ಸುರಿಸಿ ನಡುಗಲು ಶುರು ಮಾಡುತ್ತದೆ. ತಲೆ ಕೆಳಗೆ ಮಾಡಿ, ನೀರು ನುಂಗದ ಹಾಗೆ ಬಾಯಿ ತೊಳೆದು ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ಆ ಡಾಕ್ಟರು ಹತ್ತಿರದಲ್ಲೇ ಇರುತ್ತಾರೆ ಅನ್ನುವ ಭರವಸೆ ಬೇಡ. ದೇಶಕ್ಕೆಲ್ಲ ಕೈಬೆರಳೆಣಿಕೆಯ ಚಿಕಿತ್ಸಾಲಯಗಳು. ಸುವಾದಲ್ಲಿ ಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಘ ಇದೆ, ನಾಂದಿ ಕಡೆ ಅನಿಮಲ್ಸ್ ಫಿಜಿ ಎಂಬ ಸಂಸ್ಥೆ ಇದೆ. ಬೆಂಗಳೂರಿನ ಹಾಗೆ ರಾತ್ರಿ ಹನ್ನೆರಡಕ್ಕೆ ಸ್ಕ್ಯಾನಿಂಗ್, ಮೂಳೆ ಆಪರೇಷನ್ ಎಲ್ಲ ನಿರೀಕ್ಷೆ ಮಾಡಬೇಡಿ. ಬ್ರ್ಯಾಂಡ್ ಆಹಾರ ಹೆಚ್ಚಾಗಿ ಹೊರಗಿನಿಂದ ಬರುವುದರಿಂದ ಬೆಲೆ ಜಾಸ್ತಿ.

ನವೆಂಬರಿನಿಂದ ಏಪ್ರಿಲ್ ತನಕ ಚಂಡಮಾರುತದ ಕಾಲ. 2016ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಬೀಸಿದಾಗ 44 ಜನ ಸತ್ತರು. ಆಸರೆ ಕೇಂದ್ರದಲ್ಲಿ ಪ್ರಾಣಿಗೂ ಜಾಗ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಮನೆ ಬಾಡಿಗೆಗೆ ಹಿಡಿಯುವಾಗಲೇ ಕಾಂಕ್ರೀಟ್ ಗೋಡೆಯ ಒಂದು ಒಳಕೋಣೆ ಇರುವ ಮನೆ ನೋಡಿ. ಬೆಕ್ಕು ಸಾಕಬಹುದು ಅಂತ ಮಾಲೀಕರಿಂದ ಬರಹದಲ್ಲಿ ತೆಗೆದುಕೊಳ್ಳಿ.

ವಾಪಸ್ ಬರುವುದನ್ನು ಹೊರಡುವಾಗ ಯಾರೂ ಯೋಚಿಸುವುದಿಲ್ಲ. ಹೊರದೇಶದಲ್ಲಿ ಎರಡು ವರ್ಷ ಇದ್ದು ವಾಸ ಬದಲಿಸಿ ಬರುವವರಿಗೆ ಸಾಕುಪ್ರಾಣಿಯನ್ನು ಲಗೇಜಿನ ನಿಯಮದಡಿ ಭಾರತಕ್ಕೆ ತರಲು ಅವಕಾಶ ಇದೆ. ಒಬ್ಬರಿಗೆ ಎರಡು ಪ್ರಾಣಿಯ ಮಿತಿ. ನಿಮ್ಮದು ಮೂರು ವರ್ಷದ ಒಪ್ಪಂದ, ಸರಿಹೋಗುತ್ತದೆ. ಯಜಮಾನರು ವರ್ಷಕ್ಕೇ ಕೆಲಸ ಬಿಟ್ಟು ಬಂದರೆ ತಾಪತ್ರಯ. ಇನ್ನೊಂದು ವಿಷಯ: ರೇಬೀಸ್ ಇಲ್ಲದ ನಾಡಿನಲ್ಲಿ ರೇಬೀಸ್ ಲಸಿಕೆ ಕೇಳಿದ ಕೂಡಲೇ ಸಿಗುವ ವಸ್ತು ಅಲ್ಲ. ವಾಪಸ್ ಬರುವ ತಿಂಗಳುಗಳ ಮೊದಲೇ ಅಲ್ಲಿನ ವೈದ್ಯರ ಹತ್ತಿರ ಮಾತಾಡಿ ತರಿಸಿಡಿ. ಲಸಿಕೆಯ ಅವಧಿ ಮುಗಿದ ಬೆಕ್ಕನ್ನು ಮೈಸೂರಿನ ಬೀದಿಗೆ ತಂದು ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ಯಾಕೆ, ಅಲ್ವಾ?

ಕೊನೆಗೆ ಗಿಣಿ. ಇದನ್ನು ನೀವು ಸುಮ್ನೆ ಸೇರಿಸಿ ಬರೆದಿದ್ದೀರಿ, ಆದರೆ ಮೂರರಲ್ಲಿ ಮೊದಲು ಸರಿ ಮಾಡಬೇಕಾದ್ದು ಅದೇ. ನಮ್ಮ ಹಸಿರು ಗಿಣಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಜ್ಜಿ ಕಾಲದಿಂದ ಮನೆಯಲ್ಲಿದೆ ಅಂದರೂ ಅಷ್ಟೇ. ವಿದೇಶಕ್ಕೆ ಒಯ್ಯುವ ಮಾತೇ ಇಲ್ಲ, ಅಕ್ಕಪಕ್ಕದವರಿಗೆ ಕೊಟ್ಟು ಹೋಗುವಂತೆಯೂ ಇಲ್ಲ. ಬಾಗಿಲು ತೆಗೆದು ಹಾರಿಬಿಡಲೂ ಬೇಡಿ. ಕೈತುತ್ತು ತಿಂದು ಬೆಳೆದ ಗಿಣಿಗೆ ಆಹಾರ ಹುಡುಕುವುದು ಗೊತ್ತಿಲ್ಲ, ಕಾಗೆ ಕೈಗೋ ಬೆಕ್ಕಿನ ಬಾಯಿಗೋ ಸಿಕ್ಕಿಬಿಡುತ್ತದೆ. ಅರಣ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿ, ಅವರು ಹೇಳಿದ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಿ. ಬೆಂಗಳೂರಿನ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ನಡೆಸುವ ವನ್ಯಜೀವಿ ಆಸ್ಪತ್ರೆಯಲ್ಲೂ ವಿಚಾರಿಸಬಹುದು. ನೀವಾಗಿಯೇ ಮುಂದೆ ಬಂದು ಕೊಡುವುದಕ್ಕೂ, ಯಾರೋ ದೂರು ಕೊಟ್ಟ ಮೇಲೆ ಕೊಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ವೀಸಾ ಕೆಲಸದ ನಡುವೆ ಇದನ್ನು ಮುಂದಕ್ಕೆ ಹಾಕಬೇಡಿ, ಈ ವಾರವೇ ಮುಗಿಸಿ.